ನಾಲ್ಕೂವರೆಯ ಹಸಿವಿಗೆ ಮಂಡೈ ಓಣಿಯ ಹುರಿಗಾಳಿನ ಭಟ್ಟಿ

ತೂಕ ಇಳಿಸಲು ಹೊರಟಿದ್ದೇನೆ, ಪುಣೆಯಲ್ಲಿ ಎಲ್ಲಿಗೆ ಹೋಗಲಿ ಎಂದು ಯಾರಾದರೂ ಕೇಳಿದರೆ ನಾನು ಜಿಮ್ಮಿನ ವಿಳಾಸ ಕೊಡುವುದಿಲ್ಲ. ಶುಕ್ರವಾರ ಪೇಠೆಯಲ್ಲಿ, ಮಹಾತ್ಮಾ ಫುಲೆ ಮಂಡೈ ಎಂಬ ತರಕಾರಿ ಮಾರುಕಟ್ಟೆಯ ಬೆನ್ನಿಗಿರುವ ಓಣಿಯೊಂದರಲ್ಲಿ, ಕಡಲೆ, ಜೋಳ, ಶೇಂಗಾ, ಚುರುಮುರಿ ಹುರಿದು ಮಾರುವ ಒಂದು ಭಟ್ಟಿ ಇದೆ. ಅಲ್ಲಿಗೆ ಕಳುಹಿಸುತ್ತೇನೆ. ಅಂಗಡಿಗೆ ಹೆಸರಿನ ಫಲಕವಿಲ್ಲ. ಫುಟಾಣೆ, ಲಾಹ್ಯಾ, ಕುರಮುರೆ ಎಂದು ಮರಾಠಿಯಲ್ಲಿ ಬಣ್ಣ ಬಳಿದ ತಗಡೊಂದು ಬಾಗಿಲ ಮೇಲೆ ಇದೆ, ಅಷ್ಟೇ. ಹುಡುಕುವುದು ಕಷ್ಟವಲ್ಲ. ಓಣಿಯ ಬಾಯಿಗೆ ಬಂದಾಗಲೇ ಹುರಿದ ಕಡಲೆಯ ವಾಸನೆ ದಾರಿ ತೋರಿಸುತ್ತದೆ.

ನಾನು ಗದಗಿನವಳು, ಈಗ ಇರುವುದು ಪುಣೆಯ ಕೋಥರೂಡಿನಲ್ಲಿ. ವನಾಜ್ ಕಡೆಯಿಂದ ಬರುವ ಮೆಟ್ರೋ ಹಿಡಿದು ಡಿಸ್ಟ್ರಿಕ್ಟ್ ಕೋರ್ಟ್ (ಹಿಂದಿನ ಸಿವಿಲ್ ಕೋರ್ಟ್) ನಿಲ್ದಾಣದಲ್ಲಿ ಇಳಿದು, ಕೆಳಗೆ ಹೋಗಿ ಸ್ವಾರಗೇಟ್ ಗಾಡಿ ಹತ್ತಿದರೆ ಎರಡನೆಯ ನಿಲ್ದಾಣವೇ ಮಂಡೈ. 2024ರ ಸೆಪ್ಟೆಂಬರ್ ಕೊನೆಗೆ ಈ ನೆಲದಡಿಯ ಮಾರ್ಗ ತೆರೆದ ಮೇಲೆ ಪೇಠೆಗೆ ಹೋಗಿ ಬರುವುದು ಸಲೀಸಾಗಿದೆ. ಅದಕ್ಕೂ ಮೊದಲು ಲಕ್ಷ್ಮೀ ರಸ್ತೆಯ ದಟ್ಟಣೆಯಲ್ಲಿ ಸ್ಕೂಟರ್ ನಿಲ್ಲಿಸಲು ಜಾಗ ಹುಡುಕುವಷ್ಟರಲ್ಲಿ ಅರ್ಧ ಸಂಜೆ ಕಳೆಯುತ್ತಿತ್ತು. ಮಂಡೈಯ ಕಲ್ಲಿನ ಕಟ್ಟಡ 1886ರಲ್ಲಿ ರೇ ಮಾರ್ಕೆಟ್ ಎಂಬ ಹೆಸರಿನಲ್ಲಿ ಆರಂಭವಾದದ್ದು. ಅಲ್ಲಿ ವಾರದ ತರಕಾರಿ ಕೊಂಡು, ಚೀಲದ ಮೇಲ್ಭಾಗದಲ್ಲಿ ಜಾಗ ಉಳಿಸಿಕೊಂಡು ಭಟ್ಟಿಗೆ ಹೋಗುವುದು ಈಗ ನನ್ನ ರೂಢಿ.

ಗಲ್ಲೆಯ ಮೇಲೆ ಕೂರುವ ಹಿರಿಯರ ಮನೆತನ ವಿಜಯಪುರ ಜಿಲ್ಲೆಯ ಇಂಡಿ ಕಡೆಯದು. ಗಿರಾಕಿಯೊಂದಿಗೆ ಮರಾಠಿ, ಮಗನೊಂದಿಗೆ ಕನ್ನಡ. ಮೊದಲ ಸಲ ಹೋದಾಗ ಅವರು ಒಳಗೆ ಭಟ್ಟಿಯ ಮುಂದಿದ್ದ ಮಗನಿಗೆ ‘ಉರಿ ಸಣ್ಣ ಮಾಡೋ, ಕಡಲೆ ಕಪ್ಪಾಗುತ್ತದೆ’ ಎಂದು ಕೂಗಿದ್ದು ಕಿವಿಗೆ ಬಿತ್ತು. ‘ಕಾಕಾ, ಯಾವ ಊರು ನಿಮ್ಮದು?’ ಎಂದೆ. ಅಂದಿನಿಂದ ನಾನು ಅವರಿಗೆ ಗದಗಿನ ಅಕ್ಕ. ಅಕ್ಕನಾದದ್ದರಿಂದ ತೂಕದಲ್ಲಿ ರಿಯಾಯಿತಿಯೇನೂ ಸಿಕ್ಕಿಲ್ಲ. ಯಾವ ಒಬ್ಬೆ ಬಿಸಿಯಾಗಿದೆ, ಯಾವುದು ನಿನ್ನೆಯದು ಎಂಬ ಸತ್ಯ ಮಾತ್ರ ಕೇಳದೆಯೇ ಸಿಗುತ್ತದೆ. ನನಗೆ ಬೇಕಾದದ್ದು ಅದೇ.

ನನಗೇಕೆ ಇಂಥ ಅಂಗಡಿ ಬೇಕಾಯಿತು ಎನ್ನುವುದನ್ನು ಹೇಳಬೇಕು. ಕಚೇರಿಯ ವಾರ್ಷಿಕ ಆರೋಗ್ಯ ತಪಾಸಣೆಯಲ್ಲಿ, ರಕ್ತದ ಸಕ್ಕರೆಯ ಸುಮಾರು ಮೂರು ತಿಂಗಳ ಸರಾಸರಿ ತೋರಿಸುವ ನನ್ನ ಎಚ್‌ಬಿಎ1ಸಿ 6.1 ಬಂದಿತ್ತು. 5.7ರಿಂದ 6.4ರವರೆಗೆ ಇದ್ದರೆ ಮಧುಮೇಹದ ಹೊಸ್ತಿಲಲ್ಲಿ ನಿಂತಿದ್ದೀರಿ ಎಂದು ಅರ್ಥ. ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 27ನ್ನು ದಾಟಿತ್ತು. ನಮ್ಮ ಮೈಕಟ್ಟಿಗೆ 23 ದಾಟಿದರೆ ಹೆಚ್ಚು ತೂಕ, 25 ದಾಟಿದರೆ ಬೊಜ್ಜು ಎಂದು ಇಲ್ಲಿನ ವೈದ್ಯರು ಲೆಕ್ಕ ಹಿಡಿಯುತ್ತಾರೆ. ಹೊಟ್ಟೆಯ ಸುತ್ತ ಕೊಬ್ಬು ಸೇರುವ ಗುಣ ನಮ್ಮಲ್ಲಿ ಹೆಚ್ಚು. ಆಹಾರತಜ್ಞೆ ನನ್ನ ಮೂರು ಹೊತ್ತಿನ ಊಟದ ವಿವರ ಕೇಳಿ, ‘ಇದರಲ್ಲಿ ತಿದ್ದುವುದು ಹೆಚ್ಚೇನಿಲ್ಲ. ನಡುನಡುವೆ ಏನು ಬಾಯಾಡಿಸುತ್ತೀರಿ, ಅದನ್ನು ಬರೆದುಕೊಂಡು ಬನ್ನಿ’ ಎಂದರು.

ಬರೆಯುತ್ತ ಹೋದಾಗ ಎಲ್ಲವೂ ಒಂದೇ ಹೊತ್ತಿಗೆ ಬಂದು ಸೇರುತ್ತಿತ್ತು: ಸಂಜೆ ನಾಲ್ಕೂವರೆ. ಶಿವಾಜಿನಗರದ ನಮ್ಮ ಕಚೇರಿಗೆ ಆ ಹೊತ್ತಿಗೆ ಚಹಾ ಬರುತ್ತದೆ, ಅದರ ಹಿಂದೆ ಖಾರಿ ಬಿಸ್ಕತ್ತು, ಪ್ಯಾಟೀಸ್, ಯಾರದಾದರೂ ಹುಟ್ಟುಹಬ್ಬವಿದ್ದರೆ ಸಮೋಸಾ, ಊರಿಗೆ ಹೋಗಿ ಬಂದವರಿದ್ದರೆ ಬಾಕರವಡಿಯ ಪೊಟ್ಟಣ. ಪುಣೆಯ ಕುರುಕಲು ತಿಂಡಿಗೆ ನಾನು ಹೆಸರಿಡುವವಳಲ್ಲ. ಚಿತಳೆಯವರ ಬಾಕರವಡಿಯ ಒಳಗಿನ ಖಾರ ಸಿಹಿಯ ಹದ ಎಲ್ಲರ ಕೈಗೂ ಬರುವಂಥದ್ದಲ್ಲ. ನಾನಾದರೂ ಗದಗಿನ ಮಿರ್ಚಿ ಭಜಿ, ಗಿರ್ಮಿಟ್ ತಿಂದು ಬೆಳೆದವಳು. ನಾಲಿಗೆಗೆ ಖಾರ ಬೇಕು, ಹಲ್ಲಿಗೆ ಕರಂಕುರುಂ ಬೇಕು. ಆ ಬಯಕೆಯನ್ನು ಹೊಸಕಿ ಹಾಕು ಎಂದು ಹೇಳುವವರ ಮಾತನ್ನು ನಾನು ಒಪ್ಪುವುದಿಲ್ಲ. ಮಧ್ಯಾಹ್ನ ಒಂದಕ್ಕೆ ಎರಡು ಚಪಾತಿ, ಪಲ್ಯ, ಒಂದಿಷ್ಟು ಅನ್ನ ತಿಂದು ಮತ್ತೆ ರಾತ್ರಿ ಎಂಟೂವರೆಗೆ ಊಟ ಎಂದರೆ ನಡುವೆ ಏಳೂವರೆ ತಾಸು. ಆ ಹಸಿವು ನಿಜವಾದದ್ದು. ಅದಕ್ಕೆ ಸರಿಯಾದದ್ದನ್ನು ಕೊಡಬೇಕು.

ಸರಿಯಾದದ್ದು ಯಾವುದು? ನಾಲಿಗೆ ಬೇಡುವುದು ಉಪ್ಪು, ಖಾರ ಮತ್ತು ಗರಿಗರಿಯನ್ನು. ಎಣ್ಣೆಯನ್ನೇ ಬೇಡುವುದು ಅಪರೂಪ. ಗರಿಗರಿಯಾದದ್ದೆಲ್ಲ ಎಣ್ಣೆಯಲ್ಲಿ ಕರಿದು ಬರುವುದರಿಂದ ಎರಡೂ ಒಂದೇ ಎಂದು ನಮಗೆ ಅಭ್ಯಾಸವಾಗಿಬಿಟ್ಟಿದೆ. ಒಂದು ಗ್ರಾಂ ಕೊಬ್ಬಿಗೆ 9 ಕ್ಯಾಲೊರಿ, ಪ್ರೋಟೀನಿಗೂ ಪಿಷ್ಟಕ್ಕೂ 4. ಹೀಗಾಗಿ ಬೊಗಸೆಯಷ್ಟೇ ಸೇವು ಒಂದು ಸಣ್ಣ ಊಟದ ಲೆಕ್ಕಕ್ಕೆ ಬಂದು ನಿಲ್ಲುತ್ತದೆ. ಗರಿಗರಿ ಎಣ್ಣೆಯಿಂದ ಬರದೆ ಬೆಂಕಿಯಿಂದ ಬಂದಿದ್ದರೆ ಕಥೆಯೇ ಬೇರೆ.

ಇಲ್ಲಿ ಡಯಟ್ ಚಿವಡಾದ ವಿಚಾರ ಹೇಳದೆ ಮುಂದೆ ಹೋಗಲಾರೆ, ಏಕೆಂದರೆ ತೂಕ ಇಳಿಸಬೇಕೆಂದವರ ಕೈ ಮೊದಲು ಹೋಗುವುದು ಅದಕ್ಕೆ. ನಮ್ಮ ಮನೆ ಬಳಿಯ ದೊಡ್ಡ ಮಳಿಗೆಯಲ್ಲಿ ಹಸಿರು ಬಣ್ಣದ ಪೊಟ್ಟಣದಲ್ಲಿ ಸಿಗುವುದನ್ನು ನಾನೂ ಕೊಂಡು ತಂದಿದ್ದೆ. ಮುಂಭಾಗದಲ್ಲಿ ಹುರಿದದ್ದು ಎಂದು ದಪ್ಪಕ್ಷರ. ಹಿಂಭಾಗದ ಪಟ್ಟಿಯಲ್ಲಿ ಅವಲಕ್ಕಿಯ ನಂತರ ಎರಡನೆಯ ಸ್ಥಾನದಲ್ಲಿ ಪಾಮ್ ಎಣ್ಣೆ, ನಾಲ್ಕನೆಯದು ಸಕ್ಕರೆ. ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬುದು ನಿಯಮ. ಹಾಗಾಗಿ ಎರಡನೆಯ ಸ್ಥಾನದಲ್ಲಿರುವ ಎಣ್ಣೆ ಎಂದರೆ ಸಣ್ಣ ಪ್ರಮಾಣವಲ್ಲ. 100 ಗ್ರಾಮಿಗೆ 470 ಕ್ಯಾಲೊರಿ ಎಂದು ಅವರೇ ಮುದ್ರಿಸಿದ್ದರು. ಒಂದು ಸರ್ವಿಂಗ್ 20 ಗ್ರಾಂ ಎಂದೂ ಬರೆದಿತ್ತು. ಇಪ್ಪತ್ತು ಗ್ರಾಂ ಚಿವಡಾ ಅಂಗೈಯಲ್ಲಿ ಹಿಡಿದು ನೋಡಿ. ಟಿವಿ ನೋಡುತ್ತ ಕುಳಿತರೆ ಜಾಹೀರಾತು ಮುಗಿಯುವ ಮೊದಲೇ ಖಾಲಿ. ಅದಕ್ಕಿಂತ ದೊಡ್ಡ ತೊಂದರೆ, ಅದು ಹೊಟ್ಟೆಗೆ ಆಗುವುದಿಲ್ಲ. ತೆಳ್ಳನೆಯ ಅವಲಕ್ಕಿಯಲ್ಲಿ ಅಗಿಯುವುದಕ್ಕೆ ಏನೂ ಇಲ್ಲ, ಪ್ರೋಟೀನು ಕಡಿಮೆ. ಅರ್ಧ ಗಂಟೆಯಲ್ಲಿ ಮತ್ತೆ ಡಬ್ಬಿಯ ಕಡೆಗೆ ಕಣ್ಣು ಹೋಗುತ್ತದೆ. ಆರೋಗ್ಯದ ಹೆಸರಿನಲ್ಲಿ ಮಾರುವ ಇಂಥ ಪೊಟ್ಟಣಗಳ ಮೇಲೆ ನನಗೆ ನಿಜವಾದ ಸಿಟ್ಟಿದೆ. ಕರಿದ ಚಕ್ಕುಲಿ ತಾನು ಕರಿದದ್ದೆಂದು ಒಪ್ಪಿಕೊಳ್ಳುತ್ತದೆ, ಇದು ಒಪ್ಪಿಕೊಳ್ಳುವುದಿಲ್ಲ.

ಈಗ ಭಟ್ಟಿಗೆ ಬರೋಣ. ಮುಂಭಾಗದಲ್ಲಿ ಗಲ್ಲೆ, ತಕ್ಕಡಿ, ಗೋಣಿಚೀಲಗಳ ಸಾಲು. ಹಿಂಭಾಗ ತೆರೆದೇ ಇದೆ. ಬೇಕಾದರೆ ನಿಂತು ನೋಡಬಹುದು. ನಾನು ನಿಂತು ನೋಡಿದ್ದೇನೆ, ನೀವೂ ನೋಡಿ. ಅಗಲವಾದ ಕಬ್ಬಿಣದ ಕಡಾಯಿಯಲ್ಲಿ ಕಪ್ಪಗಿನ ಸಣ್ಣ ಮರಳು. ಹಿಂದಿನ ದಿನವೇ ಕಡಲೆಯನ್ನು ಒಮ್ಮೆ ಹದವಾಗಿ ಕಾಯಿಸಿ, ಉಪ್ಪು ಅರಿಸಿನದ ನೀರು ಚಿಮುಕಿಸಿ, ಗೋಣಿಯಲ್ಲಿ ಮುಚ್ಚಿಟ್ಟಿರುತ್ತಾರೆ. ಆ ನೀರು ಕಾಳಿನ ಒಳಗೆ ಇಳಿಯಬೇಕು. ಮರಳು ಕಾದ ಮೇಲೆ ಒಂದು ಪಾತ್ರೆ ಕಡಲೆ ಸುರಿದು ಉದ್ದ ಹಿಡಿಕೆಯ ಜಾಲರಿಯಿಂದ ಬೀಸಾಗಿ ಆಡಿಸುತ್ತಾರೆ. ಮರಳು ಪ್ರತಿ ಕಾಳನ್ನೂ ಎಲ್ಲ ಕಡೆಯಿಂದ ತಬ್ಬಿಕೊಳ್ಳುವುದರಿಂದ ಬಿಸಿ ಸಮನಾಗಿ ತಾಗುತ್ತದೆ, ಒಂದು ಕಡೆ ಕಪ್ಪಾಗಿ ಇನ್ನೊಂದು ಕಡೆ ಹಸಿಯಾಗಿ ಉಳಿಯುವುದಿಲ್ಲ. ಒಳಗಿನ ನೀರು ಹಬೆಯಾಗಿ ಹೊರಗೆ ನುಗ್ಗುವಾಗ ಕಾಳು ಉಬ್ಬಿ ಸಿಪ್ಪೆ ಬಿರಿಯುತ್ತದೆ. ಚಟಚಟ ಸದ್ದು ಮೊದಲು ಅಲ್ಲೊಂದು ಇಲ್ಲೊಂದು, ಆಮೇಲೆ ಒಟ್ಟಿಗೇ ಏರಿ, ಮತ್ತೆ ಇಳಿಯತೊಡಗುತ್ತದೆ. ಇಳಿಯುವ ಆ ಕ್ಷಣಕ್ಕೆ ಹುಡುಗ ಎಲ್ಲವನ್ನೂ ಬಾಚಿ ಜರಡಿಗೆ ಎಸೆಯುತ್ತಾನೆ. ಮರಳು ಕೆಳಗೆ ಸೋರಿ ಮತ್ತೆ ಕಡಾಯಿಗೆ, ಕಡಲೆ ಮೇಲೆ. ಒಂದು ಹನಿ ಎಣ್ಣೆ ಇಲ್ಲ.

ಹಾಗೆ ಬಂದ ಕಡಲೆಯನ್ನು ಬಿಸಿ ಆರಿದ ಮೇಲೆ ಬಾಯಿಗೆ ಹಾಕಿ. ಸಿಪ್ಪೆ ಮೊದಲು ಸಿಡಿಯುತ್ತದೆ, ಒಳಗಿನ ಬೇಳೆ ಹಲ್ಲಿಗೆ ತುಸು ಗಟ್ಟಿಯಾಗಿ ಸಿಕ್ಕು ಆಮೇಲೆ ಹಿಟ್ಟಾಗುತ್ತದೆ, ಕೊನೆಗೆ ನಾಲಿಗೆಯ ಮೇಲೆ ಸಣ್ಣ ಸಿಹಿ ಉಳಿಯುತ್ತದೆ. ಮಳಿಗೆಯ ಪೊಟ್ಟಣದಲ್ಲಿ ಬರುವ ಕಡಲೆಯಲ್ಲಿ ಈ ಕೊನೆಯ ಸಿಹಿ ನನಗೆ ಸಿಕ್ಕಿಲ್ಲ. ಬೇಗಬೇಗ ನುಂಗಲು ಆಗುವುದಿಲ್ಲ, ಅಗಿಯಲೇಬೇಕು. ಒಂದು ಹಿಡಿ ಮುಗಿಸಲು ಒಂದು ಕಪ್ ಚಹಾ ಪೂರ್ತಿ ಬೇಕು. ಹೊಟ್ಟೆ ತುಂಬಿದೆ ಎಂಬ ಸುದ್ದಿ ಮಿದುಳಿಗೆ ಮುಟ್ಟಲು ಸಮಯ ಹಿಡಿಯುತ್ತದೆಯಲ್ಲ, ಆ ಸಮಯವನ್ನು ಈ ಕಡಲೆ ತಾನೇ ಕೊಡುತ್ತದೆ.

ಲೆಕ್ಕಕ್ಕೂ ಇದು ಗಟ್ಟಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಹಳೆಯ ಕೋಷ್ಟಕದ ಪ್ರಕಾರ ಹುರಿದ ಕಡಲೆಯಲ್ಲಿ 100 ಗ್ರಾಮಿಗೆ 369 ಕ್ಯಾಲೊರಿ, 22.5 ಗ್ರಾಂ ಪ್ರೋಟೀನು. ನನ್ನ ಪಾಲು 30 ಗ್ರಾಂ. ಅಂದರೆ ಸುಮಾರು 110 ಕ್ಯಾಲೊರಿ, ಏಳು ಗ್ರಾಮಿನ ಹತ್ತಿರ ಪ್ರೋಟೀನು, ಸಿಪ್ಪೆಯ ನಾರು ಬೇರೆ. ಪ್ರೋಟೀನು, ನಾರು ಎರಡೂ ಜೊತೆಗಿರುವುದರಿಂದಲೇ ರಾತ್ರಿ ಊಟದ ತನಕ ಹೊಟ್ಟೆ ತಕರಾರು ತೆಗೆಯುವುದಿಲ್ಲ. ಸಿಪ್ಪೆ ತೆಗೆದ ಪುಠಾಣಿಯೂ ಅಲ್ಲಿ ಸಿಗುತ್ತದೆ. ಚಟ್ನಿಗೆ, ಗಿರ್ಮಿಟ್ಟಿನ ಹಿಟ್ಟಿಗೆ ಅದೇ ಬೇಕು. ಬಾಯಾಡಿಸುವುದಕ್ಕೆ ಮಾತ್ರ ಸಿಪ್ಪೆ ಇರುವುದನ್ನೇ ಕೊಳ್ಳಿ. ವಾಯುವಿನ ತೊಂದರೆ ಇರುವವರು ಅರ್ಧ ಹಿಡಿಯಿಂದ ಆರಂಭಿಸಿ, ಚೆನ್ನಾಗಿ ಅಗಿದು, ಮೇಲೆ ನೀರು ಕುಡಿಯಿರಿ.

ಈ ಅಂಗಡಿಯ ಮುಕುಟ ಎಂದರೆ ಜೋಳದ ಅರಳು. ನಮ್ಮ ಕಡೆಯವರಿಗೆ ವಿವರಿಸಬೇಕಾಗಿಲ್ಲ. ನಾಗರ ಪಂಚಮಿಗೆ ಉಂಡೆ, ತಂಬಿಟ್ಟಿನ ಜೊತೆಗೆ ಅರಳು ಇರಲೇಬೇಕು. ಊರಿನಲ್ಲಿ ಅದು ಹಬ್ಬದ ವಾರದ ತಿನಿಸು. ಇಲ್ಲಿ ಕಾಕಾ ವರ್ಷವಿಡೀ ಮಾಡುತ್ತಾರೆ. ಎಲ್ಲ ಜೋಳವೂ ಅರಳುವುದಿಲ್ಲ, ಸಣ್ಣ ಗಟ್ಟಿ ಕಾಳೇ ಬೇಕು. ಅದನ್ನು ಅವರು ಊರ ಕಡೆಯಿಂದಲೇ ತರಿಸುತ್ತಾರಂತೆ. ಅರಳಿದ ಒಂದನ್ನು ಹತ್ತಿರದಿಂದ ನೋಡಿ: ಬಿಳಿಯ ಎಸಳು ನಾಲ್ಕು ಕಡೆ ಮಗುಚಿಕೊಂಡು, ಬುಡದಲ್ಲಿ ಕಂದು ಸಿಪ್ಪೆಯ ಒಂದು ಚೂರು ಅಂಟಿಕೊಂಡಿರುತ್ತದೆ. ಸಿನಿಮಾ ಮಂದಿರದ ಮೆಕ್ಕೆಜೋಳದ ಪಾಪ್‌ಕಾರ್ನಿನ ಅರ್ಧದಷ್ಟೂ ದೊಡ್ಡದಲ್ಲ, ರುಚಿ ಮಾತ್ರ ಅದಕ್ಕಿಂತ ಆಳ. ರೊಟ್ಟಿ ಬೇಯುವಾಗ ಹೆಂಚಿನಿಂದ ಏಳುವ ವಾಸನೆ ಅದರಲ್ಲಿದೆ. ತೂಕ ಇಲ್ಲವೆನ್ನುವಷ್ಟು ಹಗುರ. ಹದಿನೈದು ಗ್ರಾಂ ಹಾಕಿದರೆ ದೊಡ್ಡ ಬಟ್ಟಲು ತುಂಬುತ್ತದೆ, ಕ್ಯಾಲೊರಿ ಸುಮಾರು ಐವತ್ತರ ಆಸುಪಾಸು. ಕೈ ಮತ್ತೆ ಮತ್ತೆ ಬಟ್ಟಲಿಗೆ ಹೋಗಬೇಕು, ಬಾಯಿ ಆಡುತ್ತಲೇ ಇರಬೇಕು ಎನ್ನುವ ದಿನಗಳಿರುತ್ತವೆ: ತಿಂಗಳ ಕೊನೆಯ ಲೆಕ್ಕ ಮುಗಿಸುವ ದಿನಗಳು, ಮಗಳ ಪರೀಕ್ಷೆಯ ಹಿಂದಿನ ರಾತ್ರಿಗಳು. ಅಂಥ ಹೊತ್ತಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ಒಂದು ಚಿಟಿಕೆ ಖಾರದ ಪುಡಿ, ನಾಲ್ಕು ಹನಿ ನಿಂಬೆರಸ ಹಾಕಿ ಕೂಡಲೇ ತಿನ್ನಬೇಕು. ಎರಡು ನಿಮಿಷ ತಡೆದರೆ ಮೆತ್ತಗಾಗಿಬಿಡುತ್ತದೆ.

ಚುರುಮುರಿಯ ವಿಚಾರದಲ್ಲಿ ಎಚ್ಚರ ಹೇಳಬೇಕು. ಹಗುರವಾಗಿದೆ, ಎಣ್ಣೆ ಇಲ್ಲ, ಹಾಗಾಗಿ ಎಷ್ಟು ತಿಂದರೂ ನಡೆಯುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಬಲವಾಗಿದೆ. ಅದು ಅಕ್ಕಿ ಎನ್ನುವುದು ಮರೆಯಬಾರದು. ಉಬ್ಬಿದ ಅಕ್ಕಿ ಬೇಗ ಜೀರ್ಣವಾಗಿ ರಕ್ತದ ಸಕ್ಕರೆಯನ್ನು ಬೇಗ ಏರಿಸುತ್ತದೆ. ಪ್ರೋಟೀನು 100 ಗ್ರಾಮಿಗೆ 7.5 ಗ್ರಾಂ ಮಾತ್ರ. ನನ್ನಂತೆ ಹೊಸ್ತಿಲಲ್ಲಿ ನಿಂತವರು ಬರೀ ಚುರುಮುರಿ ತಿನ್ನಬಾರದು. ಕಡಲೆ ಬೆರೆಸಿ ತಿನ್ನಬೇಕು. ಭಾನುವಾರ ಸಂಜೆ ನಮ್ಮ ಮನೆಯಲ್ಲಿ ಗಿರ್ಮಿಟ್ ಆಗುತ್ತದೆ: ಈ ಭಟ್ಟಿಯ ಚುರುಮುರಿ ಎರಡು ಹಿಡಿ, ಸಿಪ್ಪೆ ಕಡಲೆ ಒಂದು ಹಿಡಿ, ಪುಠಾಣಿ ಹಿಟ್ಟು ಎರಡು ಚಮಚ, ಹೆಚ್ಚಿದ ಈರುಳ್ಳಿ, ಟೊಮೆಟೊ, ಸೌತೆ ಧಾರಾಳವಾಗಿ, ಹುಣಸೆ ರಸಕ್ಕೆ ಬೆಲ್ಲ ಹೆಸರಿಗಷ್ಟೇ. ಒಗ್ಗರಣೆಗೆ ಎಣ್ಣೆ ಮನೆ ಮಂದಿಗೆಲ್ಲ ಸೇರಿ ಎರಡು ಟೀ ಚಮಚ. ಒಂದು ಟೀ ಚಮಚ ಎಣ್ಣೆ ಎಂದರೆ ನಲವತ್ತು ಚಿಲ್ಲರೆ ಕ್ಯಾಲೊರಿ. ಮೂವರಿಗೆ ಹಂಚಿದರೆ ಭಾರವಲ್ಲ. ಜೊತೆಗೆ ಮಿರ್ಚಿ ಭಜಿ ಇಲ್ಲದ ಗಿರ್ಮಿಟ್ ಗಿರ್ಮಿಟ್ಟೇ ಅಲ್ಲ ಎಂದು ನನ್ನ ತಮ್ಮ ಗದಗಿನಿಂದ ಫೋನಿನಲ್ಲಿ ವಾದಿಸುತ್ತಾನೆ. ಹಸಿಮೆಣಸಿನಕಾಯಿಯನ್ನು ಸೀಳಿ ಹೆಂಚಿನ ಮೇಲೆ ಉಪ್ಪು ಹಾಕಿ ಸುಟ್ಟು ಪಕ್ಕಕ್ಕಿಟ್ಟುಕೊಂಡರೆ ನನಗೆ ಕೊರತೆ ಕಾಣುವುದಿಲ್ಲ.

ಶೇಂಗಾ ಇಲ್ಲಿ ಸಿಪ್ಪೆ ಸಹಿತ ಮರಳಿನಲ್ಲೇ ಹುರಿಯುತ್ತಾರೆ, ಬಹಳ ಚೆನ್ನಾಗಿದೆ. ಆದರೆ ನನ್ನ ಮನೆಗೆ ತರುವುದಿಲ್ಲ. 100 ಗ್ರಾಮಿಗೆ 567 ಕ್ಯಾಲೊರಿಯ ಕಾಳು; ಒಳ್ಳೆಯ ಕೊಬ್ಬು, ಒಳ್ಳೆಯ ಪ್ರೋಟೀನು, ಎಲ್ಲ ನಿಜ, ಆದರೆ ನನ್ನ ಕೈ ಅದರಲ್ಲಿ ಒಂದು ಹಿಡಿಗೆ ನಿಲ್ಲುವುದಿಲ್ಲ. ನಿಮ್ಮದು ನಿಲ್ಲುತ್ತದೆ ಎಂದಾದರೆ ಖಂಡಿತ ಕೊಳ್ಳಿ. ಚಿಕ್ಕಿ, ಭಡಂಗ, ಖಾರದ ಹಿಟ್ಟು ಲೇಪಿಸಿದ ಶೇಂಗಾ ಇವೆಲ್ಲ ಹೊರಗಿನಿಂದ ತಂದು ಮಾರುವವು. ಅವುಗಳಿಗಾಗಿ ಈ ಓಣಿಗೆ ಬರುವ ಅಗತ್ಯವಿಲ್ಲ.

ಕೊರತೆಗಳೂ ಇವೆ. ಮೊದಲನೆಯದು ಉಪ್ಪು. ಮಾಮೂಲಿ ಕಡಲೆಯಲ್ಲಿ ಅದು ನನ್ನ ಅಳತೆಗೆ ಜಾಸ್ತಿ. ದಿನಕ್ಕೆ ಒಟ್ಟು ಉಪ್ಪು 5 ಗ್ರಾಮಿನ ಒಳಗಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಉಪ್ಪಿನಕಾಯಿ, ಹಪ್ಪಳ, ಶೇಂಗಾ ಚಟ್ನಿಯ ಮನೆಗಳಲ್ಲಿ ಆ ಪಾಲು ಊಟದಲ್ಲೇ ಮುಗಿದಿರುತ್ತದೆ. ರಕ್ತದೊತ್ತಡ ಇರುವವರಿಗೆ ಇದು ಸಣ್ಣ ಮಾತಲ್ಲ. ‘ಕಾಕಾ, ಉಪ್ಪಿಲ್ಲದ ಕಡಲೆ ಏಕೆ ಇಡುವುದಿಲ್ಲ?’ ಎಂದು ಕೇಳಿದೆ. ‘ಕೇಳುವವರೇ ಇಲ್ಲ ಅಕ್ಕಾ. ನೀವು ಹಿಂದಿನ ದಿನ ಫೋನ್ ಮಾಡಿದರೆ ಬರೀ ಅರಿಸಿನದ ನೀರು ಹಾಕಿ ಬೇರೆ ಇಡುತ್ತೇನೆ. ಆದರೆ ಎರಡು ಕಿಲೋ ಕೊಳ್ಳಬೇಕು, ಒಬ್ಬೆ ಅಷ್ಟಿರುತ್ತದೆ’ ಎಂದರು. ಹಾಗಾಗಿ ಗಣೇಶನಗರದ ಕನ್ನಡ ಶಾಲೆಯಲ್ಲಿ ಕಲಿಸುವ ನನ್ನ ಗೆಳತಿ, ನಮ್ಮ ಕಟ್ಟಡದ ಬೆಳಗಾವಿ ಕಡೆಯ ಅಜ್ಜಿ, ನಾನು ಸೇರಿ ಹಂಚಿಕೊಳ್ಳುತ್ತೇವೆ. ಎಲ್ಲರಿಗೂ ಹೀಗೆ ಜೊತೆ ಸಿಗಬೇಕೆಂದಿಲ್ಲ. ಉಪ್ಪಿಲ್ಲದ್ದನ್ನು ಒಂದು ಸಣ್ಣ ಡಬ್ಬದಲ್ಲಿ ಸದಾ ಇಟ್ಟರೆ ಕೇಳುವವರು ತಾವಾಗಿಯೇ ಬರುತ್ತಾರೆ ಎಂದು ನಾನು ಹೇಳುತ್ತಲೇ ಇದ್ದೇನೆ.

ಎರಡನೆಯದು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ಪುಣೆಯ ತೇವದ ಗಾಳಿಗೆ ಬಾಯಿ ತೆರೆದ ಗೋಣಿಚೀಲಗಳಲ್ಲಿನ ಕಡಲೆ ಮಧ್ಯಾಹ್ನದ ಹೊತ್ತಿಗೆ ಮೆತ್ತಗಾಗಿರುತ್ತದೆ. ಮೆತ್ತಗಿನ ಕಡಲೆಗೆ ರೊಕ್ಕ ಕೊಟ್ಟು ತಂದರೆ ಸಂಜೆಯ ಬಯಕೆ ತೀರುವುದಿಲ್ಲ, ಮನಸ್ಸು ಪ್ಯಾಟೀಸಿನ ಕಡೆಗೇ ಓಡುತ್ತದೆ. ಮುಚ್ಚಳದ ಡಬ್ಬಗಳು ಇಲ್ಲಿ ತುರ್ತಾಗಿ ಬೇಕು. ಆ ತಿಂಗಳುಗಳಲ್ಲಿ ಬೆಳಗಿನ ಒಬ್ಬೆಯನ್ನೇ ಕೇಳಿ ಪಡೆಯಿರಿ, ಮನೆಯಲ್ಲಿ ಮತ್ತೆ ಒಣ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಎರಡು ಮೂರು ನಿಮಿಷ ಬಿಸಿ ಮಾಡಿ ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿಡಿ. ಬಿಸಿಯಿದ್ದಾಗಲೇ ಮುಚ್ಚಿದರೆ ಬೆವತು ಹಾಳಾಗುತ್ತದೆ.

ಇನ್ನೊಂದು, ಪೊಟ್ಟಣ. ಹಳೆಯ ಪತ್ರಿಕೆಯ ಹಾಳೆಯಲ್ಲಿ ಕಟ್ಟಿಕೊಡುವ ಪದ್ಧತಿ ಇಲ್ಲಿ ಪೂರ್ತಿ ಹೋಗಿಲ್ಲ. ಮುದ್ರಣದ ಶಾಯಿ ತಿನಿಸಿಗೆ ಹತ್ತುತ್ತದೆ, ಆಹಾರವನ್ನು ಪತ್ರಿಕೆಯಲ್ಲಿ ಕಟ್ಟಬೇಡಿ ಎಂದು ಆಹಾರ ಸುರಕ್ಷತಾ ಪ್ರಾಧಿಕಾರ ಹಲವು ಬಾರಿ ತಿಳಿಸಿದೆ. ಕೇಳಿದರೆ ಕಂದು ಕಾಗದದ ಚೀಲ ಕೊಡುತ್ತಾರೆ. ನಾನು ಬಟ್ಟೆಯ ಚೀಲಗಳನ್ನೇ ಒಯ್ಯುತ್ತೇನೆ.

ದರ ನ್ಯಾಯವಾಗಿದೆ. ಸಿಪ್ಪೆ ಕಡಲೆ ಕಾಲು ಕಿಲೋಗೆ ಐವತ್ತು ರೂಪಾಯಿಯ ಆಸುಪಾಸು. ಅರಳು ತೂಕಕ್ಕೆ ದುಬಾರಿ ಎನಿಸಿದರೂ ನೂರು ಗ್ರಾಂ ತಂದರೆ ಡಬ್ಬಿ ತುಂಬಿ ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಮನೆಗೆ ತಂದುಕೊಡುವ ಆ್ಯಪ್‌ಗಳಲ್ಲಿ ಮಸಾಲೆ ಸವರಿದ ಮಖಾನಾದ ಅಂಗೈಯಗಲದ ಪೊಟ್ಟಣಕ್ಕೆ ಕೊಡುವ ಹಣದಲ್ಲಿ ಇಲ್ಲಿ ಒಂದು ವಾರದ ಸಂಜೆಗಳು ನಡೆಯುತ್ತವೆ. ಮಖಾನಾ ಕೆಟ್ಟದ್ದಲ್ಲ, ಎಣ್ಣೆ ಸವರದೆ ಹುರಿದದ್ದಾದರೆ. ನನಗೆ ಮಾತ್ರ ಅದರಲ್ಲಿ ಅಗಿಯುವ ಸುಖ ಸಿಗುವುದಿಲ್ಲ, ಕಡಲೆಯ ಅರ್ಧದಷ್ಟೂ ಪ್ರೋಟೀನು ಇಲ್ಲ. ಪ್ರೋಟೀನ್ ಬಾರ್‌ಗಳ ಸಿಹಿ ನನಗೆ ಇನ್ನಷ್ಟು ಸಿಹಿಯ ಆಸೆ ಹುಟ್ಟಿಸುತ್ತದೆ.

ಮನೆಗೆ ತಂದ ಮೇಲೆ ಒಂದು ಕೆಲಸ ತಪ್ಪಿಸುವುದಿಲ್ಲ. ಭಾನುವಾರ ರಾತ್ರಿಯೇ ಕಡಲೆಯನ್ನು ಸಣ್ಣ ಸ್ಟೀಲ್ ಡಬ್ಬಿಗಳಿಗೆ ಅಳೆದು ಹಾಕಿ, ದೊಡ್ಡ ಡಬ್ಬವನ್ನು ಅಟ್ಟದ ಮೇಲಿಡುತ್ತೇನೆ. ಕಚೇರಿಯಲ್ಲಿ ಚಹಾ ಬರುವ ಹತ್ತು ನಿಮಿಷ ಮೊದಲೇ ಡಬ್ಬಿ ತೆರೆಯುತ್ತೇನೆ. ಖಾರಿಯ ತಟ್ಟೆ ಮೇಜಿನ ಮೇಲೆ ಬರುವ ಹೊತ್ತಿಗೆ ಬಾಯಿಗೆ ಕೆಲಸ ಸಿಕ್ಕಿರುತ್ತದೆ. ಈಗ ನಮ್ಮ ವಿಭಾಗದ ಇಬ್ಬರು ಹುಡುಗಿಯರು ತಮ್ಮ ಡಬ್ಬಿಯನ್ನೂ ತರುತ್ತಾರೆ. ಒಬ್ಬಳಿಗೆ ಕಡಲೆಗಿಂತ ಅರಳು ಇಷ್ಟ. ರಾತ್ರಿ ನಿದ್ದೆ ಕೆಟ್ಟ ಮರುದಿನ ಮಾತ್ರ ಎರಡು ಡಬ್ಬಿಯೂ ಸಾಲದು ಎನಿಸುತ್ತದೆ. ನಿದ್ದೆ ಕಡಿಮೆಯಾದರೆ ಹಸಿವು ಕೆರಳಿಸುವ ಗ್ರೆಲಿನ್ ಹಾರ್ಮೋನು ಏರುತ್ತದೆ ಎಂದು ಆಹಾರತಜ್ಞೆ ಹೇಳಿದ್ದರು. ಅಂಥ ದಿನ ಕಡಲೆಯ ಜೊತೆಗೆ ಒಂದು ಲೋಟ ತೆಳ್ಳನೆಯ ಮಜ್ಜಿಗೆ ಇಟ್ಟುಕೊಳ್ಳುತ್ತೇನೆ.

ಫಲ ಏನು ಎಂದು ಕೇಳಬಹುದು. ಕಡಲೆಯೊಂದರಿಂದಲೇ ತೂಕ ಇಳಿಯಿತು ಎಂದು ನಾನು ಹೇಳುವುದಿಲ್ಲ. ಬೆಳಗಿನ ನಡಿಗೆ ಇದೆ, ರಾತ್ರಿಯ ಅನ್ನ ಕಡಿಮೆಯಾಗಿದೆ. ಆದರೆ ಒಂದು ಕಿಲೋ ಕೊಬ್ಬು ಎಂದರೆ ಸುಮಾರು 7,700 ಕ್ಯಾಲೊರಿ. ಪ್ರತಿ ಸಂಜೆ ಕರಿದದ್ದರ ಬದಲು ಹುರಿದದ್ದು ತಿಂದು ಇನ್ನೂರು ಕ್ಯಾಲೊರಿ ಉಳಿಸಿದರೂ ಅದು ಎಲ್ಲೋ ಸೇರುತ್ತಾ ಹೋಗುತ್ತದೆ. ಕಳೆದ ತಪಾಸಣೆಯಲ್ಲಿ ಎಚ್‌ಬಿಎ1ಸಿ 5.8ಕ್ಕೆ ಬಂದಿದೆ. ಹೊಸ್ತಿಲು ಇನ್ನೂ ದಾಟಿ ಹೊರಗೆ ಬಂದಿಲ್ಲ, ಆದರೆ ಮುಖ ಹೊರಗಿನ ಕಡೆಗಿದೆ.

ಹೋಗುವವರಿಗೆ ಎರಡು ಮಾತು. ಬೆಳಗ್ಗೆ ಹತ್ತರಿಂದ ಹನ್ನೆರಡರ ನಡುವೆ ಹೋದರೆ ಬಿಸಿ ಒಬ್ಬೆ ಸಿಗುತ್ತದೆ. ಮಧ್ಯಾಹ್ನ ಮೂರರ ಮೇಲೆ ಜೋಳದ ಅರಳು ಉಳಿದಿರುವುದಿಲ್ಲ. ಗಣೇಶೋತ್ಸವದ ದಿನಗಳಲ್ಲಿ ಆ ಓಣಿಗಳಲ್ಲಿ ಕಾಲಿಡಲು ಜಾಗವಿರುವುದಿಲ್ಲವಾದ್ದರಿಂದ ಹಬ್ಬಕ್ಕೆ ಮೊದಲೇ ಎರಡು ವಾರಕ್ಕಾಗುವಷ್ಟು ತಂದಿಟ್ಟುಕೊಳ್ಳಿ. ಚಿಲ್ಲರೆ ಒಯ್ಯಿರಿ. ಉಪ್ಪಿಲ್ಲದ ಕಡಲೆ ಬೇಕಾದರೆ ಹಿಂದಿನ ದಿನವೇ ತಿಳಿಸಿ, ಮತ್ತು ದಯವಿಟ್ಟು ಕೇಳಿ. ಕೇಳುವವರು ಹೆಚ್ಚಾದರೆ ಕಾಕಾ ಅದನ್ನು ದಿನವೂ ಇಡುತ್ತಾರೆ.